ಸವೆದ ಹಲ್ಲು, ಹೊಸ ಚೈನು

"ಚೈನ್ ಹಿಗ್ಗಿದೆ ಕಾಕಾ, ಬೇರೆ ಹಾಕಿಕೊಡಿ."

"ಹಿಗ್ಗಾಕ ಅದೇನ್ ರಬ್ಬರ್ ಏನ್ರಿ ಮೇಡಮ್ಮೋರ?"

ಕದರಮಂಡಲಗಿಯ ಸೈಕಲ್ ಅಂಗಡಿಯೊಂದರ ತಗಡಿನ ಚಪ್ಪರದ ಕೆಳಗೆ ಮಾತು ಶುರುವಾದದ್ದೇ ತಕರಾರಿನಿಂದ. ಅಂಗಡಿಯ ಮಿಸ್ತ್ರಿ ಅರವತ್ತು ದಾಟಿದವರು. ಎದುರಿಗೆ ಮಳೆಯಲ್ಲಿ ನೆನೆದು ನಿಂತಾಕೆ ದಾವಣಗೆರೆಯ ಕಾಲೇಜೊಂದರಲ್ಲಿ ಗಣಿತ ಕಲಿಸುವವಳು. ಇಬ್ಬರ ನಡುವೆ ಒಂದು ಹಳೆಯ ಡಾಸ್ ಗ್ಯಾಲಕ್ಸಿ. ಇಂಗ್ಲೆಂಡಿನಲ್ಲಿ ಓದಿ ಬಂದ ಅವಳ ಚಿಕ್ಕಪ್ಪ 1980ರ ದಶಕದ ಆರಂಭದಲ್ಲಿ ಜೊತೆಗೆ ತಂದ ಸೈಕಲ್ಲು. ಬರ್ಮಿಂಗ್‌ಹ್ಯಾಮಿನ ಡಾಸ್ ಕಂಪನಿ ದೂರ ಪ್ರವಾಸಕ್ಕೆಂದೇ ಮಾಡುತ್ತಿದ್ದ ಮಾದರಿ ಇದು. ರೆನಾಲ್ಡ್ಸ್ 531 ಉಕ್ಕಿನ ಫ್ರೇಮು, ಹಿಂದೆ ಮುಂದೆ ಚೀಲ ಕಟ್ಟಲು ಜಾಗ, ಮುಂದೆ ಮೂರು ಹಲ್ಲುಚಕ್ರ, ಹಿಂದೆ ಆರು. ನಲವತ್ತು ವರ್ಷ ಕಳೆದರೂ ಫ್ರೇಮಿಗೆ ಏನೂ ಆಗಿಲ್ಲ. ಆಗಿರುವುದೆಲ್ಲ ಪೆಡಲಿನಿಂದ ಹಿಂದಿನ ಚಕ್ರದವರೆಗಿನ ಒಂದೂವರೆ ಅಡಿಯಲ್ಲಿ.

"ಒತ್ತಿ ತುಳಿದಾಗ ಕಟಕ್ ಅಂತ ಜಾರುತ್ತೆ. ಮೋಟೆಬೆನ್ನೂರಿಂದ ಇಲ್ಲಿಗೆ ಬರುವಷ್ಟರಲ್ಲಿ ಮೊಣಕಾಲು ಎರಡು ಸಲ ಹ್ಯಾಂಡಲ್ಲಿಗೆ ಬಡಿಯಿತು" ಎಂದಳು.

ಮಿಸ್ತ್ರಿ ಉತ್ತರ ಕೊಡಲಿಲ್ಲ. ಗಲ್ಲೆಯ ಹಿಂದಿನಿಂದ ಒಂದು ಸ್ಟೀಲ್ ಸ್ಕೇಲ್ ತಂದರು. ಚೈನಿನ ಕೆಳಭಾಗವನ್ನು ಬಿಗಿ ಹಿಡಿದು, ಒಂದು ಪಿನ್ನಿನ ನಡುಮಧ್ಯಕ್ಕೆ ಸ್ಕೇಲಿನ ಸೊನ್ನೆ ಇಟ್ಟರು.

"ಈಗ ಎಣಸ್ರಿ. ಇಪ್ಪತ್ನಾಕ ಕೊಂಡಿ. ಹೊಸಾ ಚೈನ್ ಇದ್ರ ಇಪ್ಪತ್ನಾಕನೇ ಪಿನ್ನು ಹನ್ನೆರಡ ಇಂಚಿನ ಗೆರಿ ಮ್ಯಾಲ ಸರಿಯಾಗಿ ಕುಂದರಬೇಕು. ನಿಮ್ದು ಎಲ್ಲಿ ಬಂದೈತಿ?"

ಆಕೆ ಬಗ್ಗಿ ನೋಡಿದಳು. "ಗೆರೆ ದಾಟಿ ಇನ್ನೂ ಎರಡು ಸಣ್ಣ ಗೆರೆ ಆಚೆಗಿದೆ. ಹದಿನಾರರಲ್ಲಿ ಎರಡು... ಅಂದರೆ ಕಾಲಿಂಚಿನ ಅರ್ಧ. ನೂರಕ್ಕೆ ಒಂದು ಪಾಲಿಗಿಂತ ಜಾಸ್ತಿ."

"ಲೆಕ್ಕಾ ನಿಮಗ ಗೊತ್ತೈತಿ. ನನಗ ಗೊತ್ತಿರೂದು ಇಷ್ಟ: ಒಂದು ಸಣ್ಣ ಗೆರಿ ದಾಟಿದ್ರ ಚೈನ್ ಬದಲಿಸಬೇಕು, ಎರಡ ದಾಟಿದ್ರ ಚೈನ್ ಒಂದ ಬದಲಿಸಿದ್ರ ನಡ್ಯಂಗಿಲ್ಲ."

ಆಮೇಲೆ ಹಿಗ್ಗುವ ವಿಚಾರಕ್ಕೆ ಬಂದರು. ಚೈನಿನ ಪಟ್ಟಿಗಳು ಮೊದಲು ಎಷ್ಟು ಉದ್ದವಿದ್ದವೋ ಈಗಲೂ ಅಷ್ಟೇ ಇವೆ. ಸವೆದದ್ದು ಪಿನ್ನು, ಮತ್ತು ಪಿನ್ನು ಹೊರಳಾಡುವ ತೂತಿನ ಒಳಮೈ. ಒಂದೊಂದು ಕೀಲಿನಲ್ಲಿ ಕಣ್ಣಿಗೆ ಕಾಣದಷ್ಟು ಸಡಿಲ. ನೂರಕ್ಕೂ ಹೆಚ್ಚು ಕೀಲುಗಳ ಸಡಿಲ ಸೇರಿದರೆ ಚೈನು ಉದ್ದವಾದಂತೆ ತೋರುತ್ತದೆ.

ಈ ಅರ್ಧ ಇಂಚಿನ ಲೆಕ್ಕ ಹಳೆಯದು. ಉರುಳೆ ಇರುವ ಚೈನನ್ನು ಈಗಿನ ರೂಪಕ್ಕೆ ತಂದವನು ಸ್ವಿಟ್ಜರ್ಲೆಂಡಿನಿಂದ ಮ್ಯಾಂಚೆಸ್ಟರಿಗೆ ಬಂದು ನೆಲೆಸಿದ ಹಾನ್ಸ್ ರೆನಾಲ್ಡ್, 1880ರಲ್ಲಿ. ಐದು ವರ್ಷದ ಮೇಲೆ ಸ್ಟಾರ್ಲಿಯ ರೋವರ್ ಸೈಕಲ್ಲು ಬಂದು, ಹಿಂದಿನ ಚಕ್ರವನ್ನು ಚೈನಿನಿಂದ ತಿರುಗಿಸುವ ಪದ್ಧತಿ ಗಟ್ಟಿಯಾಯಿತು. ಇವತ್ತು ಹಾಲಿನ ಕ್ಯಾನು ಹೊರುವ ಹೀರೋ ಸೈಕಲ್ಲಿರಲಿ, ಲಕ್ಷಗಟ್ಟಲೆ ಬೆಲೆಯ ರೇಸಿನ ಸೈಕಲ್ಲಿರಲಿ, ಪಿನ್ನಿನಿಂದ ಪಿನ್ನಿಗೆ ಅಂತರ ಅದೇ ಅರ್ಧ ಇಂಚು, 12.7 ಮಿಲಿಮೀಟರು. ಬದಲಾದದ್ದು ಅಗಲ ಮಾತ್ರ. ಆ ಅಗಲದಲ್ಲೇ ಈ ಸಂಜೆಯ ಪಂಚಾಯಿತಿಯೂ ಇತ್ತು.

ಆಕೆ ಸುಮ್ಮನೆ ಬಂದವಳಲ್ಲ. ಚೀಲದಲ್ಲಿ ಹೊಸ ಚೈನು ಇಟ್ಟುಕೊಂಡೇ ಬಂದಿದ್ದಳು. "ಫ್ರೀವೀಲ್ ಹಲ್ಲು ನೋಡೋಕೆ ಚೆನ್ನಾಗೇ ಇದೆಯಲ್ಲ ಕಾಕಾ. ಮೊದಲು ಇದನ್ನ ಹಾಕಿ ನೋಡೋಣ."

"ಹಾಕೂದಕ್ಕೇನು, ಹಾಕ್ತೇನಿ" ಎಂದ ಮಿಸ್ತ್ರಿ ಹಳೆಯ ಚೈನಿನ ಒಂದು ಪಿನ್ನು ಒತ್ತಿ ತೆಗೆದರು. ಎರಡನ್ನೂ ಅಕ್ಕಪಕ್ಕ ಮೊಳೆಗೆ ತೂಗುಹಾಕಿ, ಕೊಂಡಿಗೆ ಕೊಂಡಿ ಎಣಿಸಿ, ಹೊಸದನ್ನು ಸರಿಯಾಗಿ ಕತ್ತರಿಸಿ ಕೂಡಿಸಿದರು. ಹಾಗೆ ಎಣಿಸುವುದೇ ಸರಿ. ಸವೆದ ಚೈನಿನ ಉದ್ದಕ್ಕೆ ಉದ್ದ ಹಿಡಿದು ಹೊಸದನ್ನು ಕತ್ತರಿಸಿದರೆ ಒಂದು ಕೊಂಡಿ ಹೆಚ್ಚಾಗುತ್ತದೆ.

ಗುಡಿಯ ದಾರಿಯಲ್ಲಿ ಒಂದು ಸುತ್ತು ಹೋಗಿ ಬಂದಾಗ ಅವಳ ಮುಖ ಮೊದಲಿಗಿಂತ ಕೆಟ್ಟಿತ್ತು. ದೊಡ್ಡ ಹಲ್ಲುಚಕ್ರದಲ್ಲಿ ಸುಮ್ಮನೆ ಓಡುತ್ತದೆ, ಸಣ್ಣದರಲ್ಲೂ ಓಡುತ್ತದೆ. ನಡುವಿನ ಎರಡರಲ್ಲಿ, ಯಾವಾಗಲೂ ಅವಳು ತುಳಿಯುವ ಗೇರುಗಳಲ್ಲೇ, ಕಾಲೊತ್ತಿದ ಕೂಡಲೇ ಕಟಕಟ. "ಹಳೇ ಚೈನಿಗಿಂತ ಹೊಸದೇ ಜಾಸ್ತಿ ಜಾರುತ್ತಲ್ಲ!"

"ಜಾರಾಕಬೇಕು" ಎಂದರು ಮಿಸ್ತ್ರಿ, ಗೆದ್ದವರ ಸಮಾಧಾನದಲ್ಲಿ. "ಹಳೇ ಚೈನು ಉದ್ದ ಆಕ್ಕೋಂತ ಹೋದಂಗ ಈ ಹಲ್ಲನ್ನೂ ತನ್ನ ಅಳತಿಗೆ ಕೊರಕೊಂಡೈತಿ. ಇಬ್ರೂ ಕೂಡೇ ಕೆಟ್ಟಾರ, ಹಿಂಗಾಗಿ ಒಬ್ರಿಗೊಬ್ರು ಹೊಂದ್ಯಾರ. ನೀವು ನಡುವ ಹೊಸಾ ಸೊಸಿನ ತಂದ್ರ ಹೊಂದತೈತೇನು?"

ಹೋಲಿಕೆ ಆಕೆಗೆ ಅಷ್ಟು ರುಚಿಸಲಿಲ್ಲ. ಆದರೆ ವಿಷಯ ಹೌದೇ ಹೌದು. ಹೊಸ ಚೈನು ಹೊಸ ಹಲ್ಲಿನ ಮೇಲೆ ಕೂತಾಗ ಎಳೆತದ ಭಾರ ಹಲವು ಹಲ್ಲುಗಳಿಗೆ ಹಂಚಿಹೋಗುತ್ತದೆ. ಉದ್ದವಾದ ಚೈನಿನ ಉರುಳೆಗಳು ಹಲ್ಲಿನ ಬುಡದಲ್ಲಿ ಕೂರದೆ ಮೇಲಕ್ಕೇರುತ್ತವೆ, ಭಾರ ಒಂದೆರಡು ಹಲ್ಲಿನ ಮೇಲೇ ಬೀಳುತ್ತದೆ. ಹಲ್ಲಿನ ಒಂದು ಮಗ್ಗುಲು ಕೊಕ್ಕೆಯಂತೆ ಕೊರೆದುಹೋಗುತ್ತದೆ. ಅದರ ಮೇಲೆ ಸರಿಯಳತೆಯ ಚೈನು ಹಾಕಿದರೆ ಉರುಳೆ ಆ ಕೊಕ್ಕೆಯೊಳಗೆ ಇಳಿಯಲಾರದೆ ಜಿಗಿಯುತ್ತದೆ. ಮುಂದಿನ ಹಲ್ಲುಚಕ್ರಕ್ಕೆ ಈ ಗತಿ ನಿಧಾನವಾಗಿ ಬರುತ್ತದೆ. ಹೀರೋ ಸೈಕಲ್ಲಿನಲ್ಲಿ ಮುಂದೆ 44 ಹಲ್ಲು, ಹಿಂದೆ 18 ಎಂದಿಟ್ಟುಕೊಳ್ಳಿ. ಪೆಡಲು ಒಂದು ಸುತ್ತು ಬರುವಷ್ಟರಲ್ಲಿ ಮುಂದಿನ ಹಲ್ಲು ಒಂದು ಸಲ ಚೈನಿಗೆ ಸಿಕ್ಕರೆ ಹಿಂದಿನದು ಎರಡೂವರೆ ಸಲ ಸಿಕ್ಕಿರುತ್ತದೆ. ಹೀಗಾಗಿ ಚೈನನ್ನು ಹೊತ್ತಿಗೆ ಸರಿಯಾಗಿ ಬದಲಿಸುತ್ತ ಹೋದವನಿಗೆ ಮುಂದಿನ ಚಕ್ರ ವರ್ಷಾನುಗಟ್ಟಲೆ ಬಾಳುತ್ತದೆ. ಚೈನಿನಲ್ಲಿ ಉಳಿಸಲು ಹೋದವನು ಫ್ರೀವೀಲಿನಲ್ಲಿ ಕಳೆದುಕೊಳ್ಳುತ್ತಾನೆ.

ಸಮಸ್ಯೆಯೆಂದರೆ, ಮರುದಿನ ಶ್ರಾವಣ ಶನಿವಾರ.

ಕದರಮಂಡಲಗಿಯ ಕಾಂತೇಶ, ಹಿರೇಕೆರೂರು ತಾಲ್ಲೂಕಿನ ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶ, ಈ ಮೂರು ಆಂಜನೇಯರನ್ನು ಸೂರ್ಯ ಹುಟ್ಟಿ ಮುಳುಗುವುದರೊಳಗೆ ಒಂದೇ ದಿನ ಕಂಡರೆ ಕಾಶಿಗೆ ಹೋದ ಪುಣ್ಯ ಎನ್ನುವ ನಂಬಿಕೆ ಈ ಕಡೆ ಮನೆಮಾತು. ಶ್ರಾವಣದ ಶನಿವಾರ ಕಾರು, ಬಾಡಿಗೆ ವ್ಯಾನು, ಮೋಟಾರ್ ಸೈಕಲ್ಲುಗಳು ಸಾಲುಗಟ್ಟುತ್ತವೆ. ಭ್ರಾಂತೇಶನನ್ನು ಶಿಕಾರಿಪುರದವರು ಹುಚ್ಚುರಾಯ ಎಂದೇ ಕರೆಯುವುದು. ಆಕೆ ಈ ಮೂರು ಗುಡಿಗಳ ಯಾತ್ರೆಯನ್ನು ಪೆಡಲು ತುಳಿದೇ ಮುಗಿಸಬೇಕೆಂದು ಹೊರಟಿದ್ದಳು. ಸೈಕಲ್ಲಿಗೆ ಹೇಳಿಮಾಡಿಸಿದ ದೂರ, ಚೈನು ಜಾರದಿದ್ದರೆ.

"ಆರು ಗೇರಿನ ಫ್ರೀವೀಲ್ ನಿಮ್ಮ ಹತ್ತಿರ ಇದೆಯಾ ಕಾಕಾ?"

"ಇಲ್ಲ. ರಾಣೆಬೆನ್ನೂರಾಗ ಸಿಕ್ಕೀತು, ಹುಡುಗೂರ ಗೇರ್ ಸೈಕಲ್ಲಿಗೆ ಏಳ ಗೇರಿಂದು ಬರ್ತೈತಿ. ಆದ್ರ ಈಗ ಹೊತ್ತ ಮುಣಗಾಕ ಬಂತು. ನೀವು ಹೋಗಿ ಬರೂದ್ರಾಗ ಅಂಗಡಿ ಬಾಗ್ಲಾ ಹಾಕಿರ್ತಾರ." ಮಿಸ್ತ್ರಿ ಒಂದು ರಟ್ಟಿನ ಡಬ್ಬಿಗೆ ಕೈಹಾಕಿ ಎಣ್ಣೆ ಕಾಗದ ಸುತ್ತಿದ ಗುಂಡನೆಯ ವಸ್ತು ತೆಗೆದರು. "ಇದು ಐತಿ. ಹದಿನೆಂಟ ಹಲ್ಲು."

"ಅದು ಹಾಲಿನವರ ಸೈಕಲ್ಲಿಂದಲ್ವಾ?"

"ಹಾಲಿನವರದೂ ಹೌದು, ಪೇಪರಿನವರದೂ ಹೌದು, ಸಾಲಿ ಹುಡುಗೂರದೂ ಹೌದು. ನಾಳೆ ನಿಮ್ದೂ ಹೌದು."

ಆಕೆ ನಕ್ಕಳು. ಮಿಸ್ತ್ರಿ ನಗಲಿಲ್ಲ. ಅವರು ಹೇಳುತ್ತಿದ್ದುದು ತಮಾಷೆಯ ಮಾತಲ್ಲ, ಥ್ರೆಡ್ಡಿನ ಮಾತು.

ಹಳೆಯ ಪ್ರವಾಸಿ ಸೈಕಲ್ಲುಗಳಲ್ಲಿ ಹಿಂದಿನ ಹಲ್ಲುಚಕ್ರಗಳ ಗುಚ್ಛವಾದ ಫ್ರೀವೀಲು ಚಕ್ರದ ನಡುವಿನ ಹಬ್ಬಿನ ಮೇಲೆ ನಟ್ಟಿನ ಹಾಗೆ ತಿರುವಿ ಕೂರುತ್ತದೆ. ಆ ಥ್ರೆಡ್ಡಿನ ಅಳತೆ 1.37 ಇಂಚು ವ್ಯಾಸ, ಇಂಚಿಗೆ 24 ಸುತ್ತು. ಪೆಡಲಿನ ಅಕ್ಸಲ್ ಕೂರುವ ಕಪ್ಪುಗಳಿಗೂ ಅದೇ ಅಳತೆ. ಬರ್ಮಿಂಗ್‌ಹ್ಯಾಮಿನ ಬಿ.ಎಸ್.ಎ. ಕಂಪನಿಯ ಹೆಸರಿನಿಂದಲೇ ಜಗತ್ತು ಅದನ್ನು ಗುರುತಿಸುತ್ತದೆ. ಗ್ಯಾಲಕ್ಸಿಯೂ ಅದೇ ಊರಿನಲ್ಲಿ ಹುಟ್ಟಿದ್ದು. ಇತ್ತ ಭಾರತದಲ್ಲಿ 1949ರಲ್ಲಿ ಮದ್ರಾಸಿನ ಅಂಬತ್ತೂರಿನಲ್ಲಿ ಟಿ.ಐ. ಸೈಕಲ್ಸ್ ಶುರುವಾದದ್ದು ಇಂಗ್ಲಿಷ್ ಕಂಪನಿಯ ಜೊತೆಗಾರಿಕೆಯಲ್ಲಿ. 1951ರಲ್ಲಿ ಸೋನಿಪತ್‌ನಲ್ಲಿ ಅಟ್ಲಾಸ್, 1956ರಲ್ಲಿ ಲೂಧಿಯಾನದಲ್ಲಿ ಹೀರೋ ಬಂದವು. ಎಲ್ಲರೂ ತಯಾರಿಸಿದ್ದು ಇಂಗ್ಲೆಂಡಿನ ಅದೇ ಕರಿ ಸೈಕಲ್ಲನ್ನು, ಅದೇ ಅಳತೆಗಳಲ್ಲಿ. ಇಂಗ್ಲೆಂಡು ಅದನ್ನು ಮರೆತ ಮೇಲೂ ನಮ್ಮವರು ಬಿಡಲಿಲ್ಲ. ಹೊಸತನ ಇಲ್ಲವೆಂದು ಇದನ್ನು ಹಳಿದವರು ಬಹಳ. ಆದರೆ ಕದರಮಂಡಲಗಿಯ ರಟ್ಟಿನ ಡಬ್ಬಿಯಲ್ಲಿದ್ದ ಫ್ರೀವೀಲು ಬರ್ಮಿಂಗ್‌ಹ್ಯಾಮಿನ ಹಬ್ಬಿಗೆ ಕೂರುವುದು ಆ ಹಟದಿಂದಲೇ. 2020ರ ಜೂನ್ 3ರಂದು, ಅದೂ ವಿಶ್ವ ಸೈಕಲ್ ದಿನದಂದೇ, ಅಟ್ಲಾಸ್ ತನ್ನ ಸಾಹಿಬಾಬಾದ್ ಕಾರ್ಖಾನೆಯ ಕೆಲಸ ನಿಲ್ಲಿಸಿತು. ಅಟ್ಲಾಸ್ ಸೈಕಲ್ಲಿಗೆ ಬಿಡಿಭಾಗ ಸಿಗುವುದು ಮಾತ್ರ ನಿಲ್ಲಲಿಲ್ಲ, ಯಾಕೆಂದರೆ ಅವು ಅಟ್ಲಾಸಿನವೇ ಆಗಬೇಕಿರಲಿಲ್ಲ.

"ಸರ್ಕಾರ ಎಂಟನೇತ್ತೆ ಹುಡುಗೂರಿಗೆ ಸೈಕಲ್ ಕೊಡಾಕ ಹತ್ತಿದ್ದು ಯಾವಾಗ?" ಮಿಸ್ತ್ರಿ ಕೇಳಿದರು.

"2006–07ರಲ್ಲಿ. ಕೊರೊನಾ ಬಂದಾಗ ನಿಂತಿತು."

"ಅವಾಗಿಂದ ಈ ಫ್ರೀವೀಲು, ಈ ಚೈನು ನನ್ನ ಅಂಗಡ್ಯಾಗ ತೀರಿಲ್ಲ. ಊರಾಗಿನ ಎಲ್ಲಾ ಸೈಕಲ್ಲಿಗೂ ಒಂದ ಸಾಮಾನು. ಮೊನ್ನೆ ಒಬ್ರು ಬೆಂಗಳೂರಿಂದ ಬಂದಿದ್ರು, ಹಿಂದ ಹನ್ನೆರಡ ಗೇರು. ಚೈನ್ ಹರದಿತ್ತು. ಗಾಳಿ ಹೊಡದ ಕೊಟ್ಟೆ, ಬಸ್ಸಿಗೆ ಹಾಕಿ ಕಳಿಸಿದೆ. ಮತ್ತೇನ್ ಮಾಡ್ಲಿ?"

ಇದರಲ್ಲಿ ಮಿಸ್ತ್ರಿಯ ತಪ್ಪೇನೂ ಇಲ್ಲ. 1970ರ ದಶಕದ ಕೊನೆಯಲ್ಲಿ ಜಪಾನಿನ ಶಿಮಾನೊ ಹಬ್ಬಿನೊಳಗೇ ಫ್ರೀವೀಲಿನ ಯಂತ್ರ ಸೇರಿಸಿದ ಹೊಸ ಪದ್ಧತಿ ತಂದಿತು. ಅದರ ಮೇಲೆ ಹಲ್ಲುಚಕ್ರಗಳ ಕ್ಯಾಸೆಟ್ ಜಾರಿಸಿ ಕೂರಿಸುತ್ತಾರೆ. ತಾಂತ್ರಿಕವಾಗಿ ಅದು ಒಳ್ಳೆಯದೇ. ಅಕ್ಸಲ್ಲಿಗೆ ಆಸರೆ ಹೆಚ್ಚು, ಬಾಗುವುದು ಕಡಿಮೆ. ಆದರೆ ಗೇರುಗಳು ಎಂಟು, ಒಂಬತ್ತು, ಹತ್ತು ಎಂದು ಹೆಚ್ಚುತ್ತ ಹೋದ ಹಾಗೆ ಪ್ರತಿ ಪೀಳಿಗೆಗೂ ಚೈನು ತೆಳ್ಳಗಾಯಿತು, ಒಂದರದ್ದು ಇನ್ನೊಂದಕ್ಕೆ ಆಗದಾಯಿತು. ಲೋಕ ಸುತ್ತಬೇಕೆನ್ನುವವರಿಗೆ ಹಳೆಯ ಉಕ್ಕಿನ ಸೈಕಲ್ಲಿನ ಮೇಲಿರುವ ಮೋಹ ಬರೀ ಹಳಹಳಿಕೆಯಲ್ಲ. ಕೆಟ್ಟ ಜಾಗದಲ್ಲೇ ರಿಪೇರಿಯಾಗುತ್ತದೆ ಎಂಬ ಲೆಕ್ಕಾಚಾರವೂ ಅದರಲ್ಲಿದೆ.

"ಸರಿ, ಬಿಚ್ಚೋದು ಹೇಗೆ? ಸುತ್ತಿಗೆ, ಉಳಿ ತಗೋಬೇಡಿ ಕಾಕಾ, ದಯವಿಟ್ಟು" ಎಂದು ಆಕೆ ತನ್ನ ಚೀಲದಿಂದ ಹೆಬ್ಬೆರಳು ಗಾತ್ರದ ಒಂದು ಉಕ್ಕಿನ ತುಂಡು ತೆಗೆದಳು. ಫ್ರೀವೀಲಿನ ಎರಡು ಕಚ್ಚುಗಳಿಗೆ ಸರಿಯಾಗಿ ಕೂರುವ ರಿಮೂವರ್. ದೂರ ಹೋಗುವ ಸೈಕಲ್ಲಿಗರು ಇದನ್ನು ಬಿಟ್ಟು ಹೊರಡುವುದಿಲ್ಲ. ಭಾರ ಹೊತ್ತ ಸೈಕಲ್ಲಿನಲ್ಲಿ ಮೊದಲು ಮುರಿಯುವುದು ಹಿಂದಿನ ಚಕ್ರದ ಬಲಮಗ್ಗುಲಿನ ಕಡ್ಡಿ; ಫ್ರೀವೀಲು ಬಿಚ್ಚದೆ ಅಲ್ಲಿ ಹೊಸ ಕಡ್ಡಿ ಹಾಕಲಾಗುವುದಿಲ್ಲ.

ಮಿಸ್ತ್ರಿ ಅದನ್ನು ತಿರುಗಿಸಿ ನೋಡಿದರು. ಇಷ್ಟವಾಯಿತು ಅನಿಸುತ್ತದೆ, ಅಂಗಿಗೆ ಒಮ್ಮೆ ಒರೆಸಿದರು. "ಇದು ನಿಮ್ಮ ಹತ್ರ ಐತಿ, ವೈಸು ನನ್ನ ಹತ್ರ ಐತಿ. ಆತಲ್ಲ."

ಫ್ರೀವೀಲು ಬಿಚ್ಚುವುದು ಬಲಪ್ರಯೋಗದ ಕೆಲಸ. ಪೆಡಲು ತುಳಿದಾಗಲೆಲ್ಲ ಅದು ಹಬ್ಬಿನ ಮೇಲೆ ಇನ್ನಷ್ಟು ಬಿಗಿಯಾಗಿರುತ್ತದೆ; ಏರು ಹತ್ತಿದ ಪ್ರತಿ ಗುಡ್ಡದ ಲೆಕ್ಕ ಅಲ್ಲಿ ಜಮಾ. ರಿಮೂವರನ್ನು ಕಚ್ಚಿಗೆ ಕೂರಿಸಿ, ಚಕ್ರದ ಕ್ವಿಕ್ ರಿಲೀಸ್ ಸರಳಿನಿಂದಲೇ ಅದು ಅಲ್ಲಾಡದಂತೆ ಹಿಡಿಸಿ, ಮಿಸ್ತ್ರಿ ಅದರ ತಲೆಯನ್ನು ವೈಸಿನ ದವಡೆಗೆ ಕಚ್ಚಿಸಿದರು. ಚಕ್ರ ಈಗ ಅಡ್ಡ ಮಲಗಿತ್ತು. ಇಬ್ಬರೂ ಎದುರುಬದುರು ನಿಂತು ರಿಮ್ ಹಿಡಿದು, ಲಾರಿಯ ಸ್ಟೇರಿಂಗ್ ತಿರುವಿದಂತೆ ಎಡಕ್ಕೆ ಎಳೆದರು. ಮೊದಲ ಎಳೆತಕ್ಕೆ ಜಗ್ಗಲಿಲ್ಲ. ಎರಡನೆಯದಕ್ಕೂ ಇಲ್ಲ. ಮಿಸ್ತ್ರಿ ಥ್ರೆಡ್ಡಿನ ಸಂದಿಗೆ ಡೀಸೆಲ್ ಬಿಟ್ಟು ಚಹಾ ತರಿಸಿದರು.

ಚಹಾದ ಹೊತ್ತಿನಲ್ಲಿ ಮಾತು ಊರಿನ ಕಡೆ ಹೊರಳಿತು. ಕನಕದಾಸರು ಮೋಹನತರಂಗಿಣಿ ಬರೆದದ್ದು ಈ ಗುಡಿಯಲ್ಲೇ ಎಂದು ಮಿಸ್ತ್ರಿ. ಊರವರ ನಂಬಿಕೆ ಅದು. ಕಾಗಿನೆಲೆ ಇದೇ ಬ್ಯಾಡಗಿ ತಾಲ್ಲೂಕಿನಲ್ಲಿದೆ, ನಂಬದಿರಲು ಕಾರಣವೂ ಇಲ್ಲ. ಒಂದೇ ಗೇರಿನಲ್ಲಿ ಶಿಕಾರಿಪುರದ ತನಕ ಹೋಗಲಾದೀತೇ ಎಂದು ಆಕೆ.

"ಮೋಟೆಬೆನ್ನೂರ ಮೈಲಾರ ಮಹಾದೇವಪ್ಪಾರು 1930ರಾಗ ಗಾಂಧಿ ಅಜ್ಜಾರ ಜೋಡಿ ಸಾಬರಮತಿಯಿಂದ ದಂಡಿ ತನಕ ನಡಕೊಂಡ ಹೋಗಿದ್ರು. ಇನ್ನೂರಾ ನಲವತ್ತ ಮೈಲಿ. ಅವರಿಗೆ ಎಷ್ಟ ಗೇರ್ ಇದ್ವು?"

"ಅವರು ಇಪ್ಪತ್ತನಾಲ್ಕು ದಿನ ತಗೊಂಡರು ಕಾಕಾ. ನನಗೆ ಇರೋದು ಒಂದೇ ದಿನ."

ಮಿಸ್ತ್ರಿಗೆ ಇದಕ್ಕೆ ಉತ್ತರ ಹೊಳೆಯಲಿಲ್ಲ. ಆಕೆಯೇ ಕೈಕೊಟ್ಟು ಎತ್ತಿದಳು. ಫ್ರಾನ್ಸಿನ ದೊಡ್ಡ ಸೈಕಲ್ ಪಂದ್ಯ ಟೂರ್ ದ ಫ್ರಾನ್ಸ್‌ನಲ್ಲಿ ಸವಾರರಿಗೆ ಚೈನನ್ನು ಹಲ್ಲುಚಕ್ರದಿಂದ ಹಲ್ಲುಚಕ್ರಕ್ಕೆ ಸರಿಸುವ ಡಿರೇಲರ್ ಗೇರು ಬಳಸಲು ಬಿಟ್ಟದ್ದು 1937ರಲ್ಲಿ. ಅಲ್ಲಿಯ ತನಕ ಹಿಂದಿನ ಚಕ್ರದ ಎರಡೂ ಮಗ್ಗುಲಿಗೆ ಬೇರೆ ಬೇರೆ ಹಲ್ಲಿನ ಚಕ್ರ ಹಾಕಿಕೊಂಡು, ಗುಡ್ಡದ ಬುಡದಲ್ಲಿ ಇಳಿದು, ಚಕ್ರ ಬಿಚ್ಚಿ ತಿರುವಿ ಹಾಕಿ ಆಲ್ಪ್ಸ್ ಹತ್ತುತ್ತಿದ್ದರು. ಮಿಸ್ತ್ರಿ ಇದನ್ನು ಬಹಳ ಹೊತ್ತು ಮೆಲುಕು ಹಾಕಿದರು. "ಒಂದ ಕಡೆ ಹದಿನೆಂಟು, ಒಂದ ಕಡೆ ಇಪ್ಪತ್ತೆರಡು... ಭಾರಿ ಶಾಣ್ಯಾರ ಬಿಡ್ರಿ."

ಮೂರನೆಯ ಎಳೆತಕ್ಕೆ ಟಪ್ ಎಂದು ಬಿಟ್ಟುಕೊಂಡಿತು. ಮಿಸ್ತ್ರಿ ಕೂಡಲೇ ಕೈತಡೆದು ಕ್ವಿಕ್ ರಿಲೀಸಿನ ನಟ್ಟು ಸಡಿಲ ಮಾಡಿದರು. ಹಾಗೆ ಮಾಡದೆ ಚಕ್ರ ತಿರುವುತ್ತಲೇ ಹೋದರೆ ಹೊರಬರುವ ಫ್ರೀವೀಲು ಸರಳನ್ನೇ ಎಳೆದು ಕೆಡಿಸುತ್ತದೆ. ಅವಸರದ ಕೈಯಲ್ಲಿ ಮುರಿದ ಸರಳುಗಳು ಎಲ್ಲ ಅಂಗಡಿಯಲ್ಲೂ ನೋಡಸಿಗುತ್ತವೆ.

ಹಬ್ಬಿನ ಥ್ರೆಡ್ಡು ಒರೆಸಿ ಗ್ರೀಸು ಹಚ್ಚಿ, ಹದಿನೆಂಟು ಹಲ್ಲಿನ ಫ್ರೀವೀಲನ್ನು ಬೆರಳಲ್ಲೇ ತಿರುವಿದರು. ಸುಲಭವಾಗಿ ಹತ್ತಿಕೊಂಡಿತು. "ಪಾನಾ ಬ್ಯಾಡ. ನಾಳೆ ನೀವ ತುಳದು ಬಿಗಿ ಮಾಡ್ತೀರಿ."

ಆಮೇಲಿನದು ಗೆರೆಯ ಪ್ರಶ್ನೆ. ಆರು ಹಲ್ಲುಚಕ್ರ ಕೂರುವ ಜಾಗದಲ್ಲಿ ಒಂದೇ ಕೂತಾಗ ಅದು ಕಡ್ಡಿಗಳ ಕಡೆ ಸರಿದಿರುತ್ತದೆ. ಮುಂದಿನ ನಡುಚಕ್ರಕ್ಕೂ ಅದಕ್ಕೂ ಚೈನು ಓರೆಯಾಗುತ್ತದೆ. ಓರೆ ಚೈನು ಸದ್ದು ಮಾಡುತ್ತದೆ, ಬೇಗ ಸವೆಯುತ್ತದೆ, ಕುಲುಕಿದರೆ ಕಳಚುತ್ತದೆ. ಮಿಸ್ತ್ರಿ ಫ್ರೀವೀಲನ್ನು ಮತ್ತೆ ತೆಗೆದು ಹಿಂದೆ ಒಂದು ದಪ್ಪ ರಿಂಗ್ ವಾಷರ್ ಸೇರಿಸಿ, ಒಂದು ಕಣ್ಣು ಮುಚ್ಚಿ ಹಿಂದಿನಿಂದ ಗೆರೆ ನೋಡಿದರು. ಸರಿಹೋಯಿತು.

ಮುಂದಿನ ನಡುಚಕ್ರದಲ್ಲಿ 38 ಹಲ್ಲು. ಅದೂ ಒಂದು ಮಗ್ಗುಲಿಗೆ ಸ್ವಲ್ಪ ಸವೆದಿತ್ತು. ಚೈನನ್ನು ಮುಂದಕ್ಕೆ ಎಳೆದರೆ ಹಲ್ಲಿನಿಂದ ಎದ್ದು ಬೆಳಕು ಕಾಣುತ್ತಿತ್ತು. "ಇದನ್ನ ಬದಲಿಸಬೇಕಾ?" ಎಂದಾಗ ಮಿಸ್ತ್ರಿ, "ನಮ್ಮ ಸೈಕಲ್ಲಿನ್ಯಾಗ ಚೈನ್‌ವೀಲು ಬಲಗಡೆ ಕ್ರ್ಯಾಂಕಿಗೆ ಜಡದ ಬಂದಿರ್ತೈತಿ, ಕಾಟರ್ ಪಿನ್ ಹೊಡದ ತಗದು ಎಲ್ಲಾನೂ ಕೂಡೇ ಬದಲಿಸೂದು. ನಿಮ್ದು ಬೋಲ್ಟಿಂದು. ಬಿಚ್ಚಿ ತಿರುವಿ ಹಾಕ್ರಲಾ" ಎಂದರು. ಆಕೆಗೆ ಇದು ಹೊಳೆದಿರಲಿಲ್ಲ. ಹಳೆಯ ಹಲ್ಲುಚಕ್ರಗಳಿಗೆ ಈಗಿನವುಗಳ ಹಾಗೆ ಗೇರು ಬದಲಿಸಲು ಒಂದು ಮುಖದಲ್ಲಿ ಕೊರೆದ ಮೆಟ್ಟಿಲುಗಳಿರುವುದಿಲ್ಲ. ಒಳಮುಖ ಹೊರಗೆ ಮಾಡಿ ಹಾಕಿದರೆ ಸವೆಯದ ಮಗ್ಗುಲು ಎಳೆತಕ್ಕೆ ಸಿಗುತ್ತದೆ. ಐದು ಬೋಲ್ಟು, ಒಂದು ಅಲೆನ್ ಕೀ, ಖರ್ಚಿಲ್ಲ.

ಚೈನು ಮಾತ್ರ ಆಕೆಯದಲ್ಲ, ಅಂಗಡಿಯದು. ಗೇರಿನ ಸೈಕಲ್ಲಿನ ಚೈನಿನ ಒಳ ಅಗಲ ಇಂಚಿನ 32ರಲ್ಲಿ 3 ಪಾಲು. ಕರಿ ಸೈಕಲ್ಲಿನದು ಇಂಚಿನ 8ರಲ್ಲಿ 1. ತೆಳು ಹಲ್ಲಿನ ಮೇಲೆ ಅಗಲದ ಚೈನು ಓಡುತ್ತದೆ, ದಪ್ಪ ಹಲ್ಲಿನ ಮೇಲೆ ತೆಳುವಿನದು ಓಡುವುದಿಲ್ಲ. ಡಿರೇಲರ್ ಬಿಚ್ಚಿ ಚೀಲಕ್ಕೆ ಹೋಯಿತು. ಅದರ ಎರಡು ಪುಟ್ಟ ಗಾಲಿಗಳ ಹಲ್ಲು ಮುಳ್ಳಿನಷ್ಟು ಚೂಪಾಗಿದ್ದವು. ಚೈನ್ ಲಾಕ್ ಹಾಕಿ, ಫ್ರೇಮಿನ ಸೀಳಿನಲ್ಲಿ ಚಕ್ರವನ್ನು ಹಿಂದಕ್ಕೆ ಜಗ್ಗಿ, ಚೈನು ಅರ್ಧ ಇಂಚು ಮೇಲೆ ಕೆಳಗೆ ಆಡುವಷ್ಟು ಬಿಗಿದರು. ಈ ಸೀಳು ಅಡ್ಡಕ್ಕಿದ್ದದ್ದು ಅದೃಷ್ಟ. ಈಗಿನ ಹೆಚ್ಚಿನ ಸೈಕಲ್ಲುಗಳಲ್ಲಿ ಅದು ನೆಟ್ಟಗಿರುತ್ತದೆ, ಚಕ್ರ ಹಿಂದಕ್ಕೆ ಬರುವುದೇ ಇಲ್ಲ.

38ಕ್ಕೆ 18. ಗಣಿತದವಳು ಮನಸ್ಸಿನಲ್ಲೇ ಭಾಗಿಸಿದಳು: ಪೆಡಲು ಒಂದು ಸುತ್ತಿಗೆ ಸುಮಾರು ನಾಲ್ಕೂವರೆ ಮೀಟರು. ಹಾಲಿನವರ ಸೈಕಲ್ಲು ಐದೂವರೆ ಹೋಗುತ್ತದೆ. ಅವರಿಗಿಂತ ಹಗುರ, ಅವರಿಗಿಂತ ನಿಧಾನ. ಬಯಲಿಗೆ ಧಾರಾಳ, ಹಿರೇಕೆರೂರಿನ ಆಚೆ ದಿಬ್ಬಗಳಲ್ಲಿ ಎದ್ದು ನಿಂತು ತುಳಿಯಬೇಕಾದೀತು. ಶಿರಸಿಯ ಘಟ್ಟವೆಂದರೆ ಮಾತ್ರ ಆಗದು.

"ಘಟ್ಟಕ್ಕ ಹೋಗೂ ಮುಂದ ಗೇರಿಂದ ಹಾಕಿಸ್ರಿ. ಏಳ ಗೇರಿಂದು ತರ್ರಿ, ಮೂವತ್ನಾಕ ಹಲ್ಲಿಂದೂ ಬರ್ತೈತಿ, ಹಗುರಕ್ಕ ಹತ್ತತೈತಿ."

"ಇಲ್ಲ ಕಾಕಾ, 14ರಿಂದ 28ರದ್ದೇ ಸಾಕು. ಮುಂದೆ 48, 28, ವ್ಯತ್ಯಾಸ ಇಪ್ಪತ್ತು. ಹಿಂದೆ 28, 14, ಹದಿನಾಲ್ಕು. ಒಟ್ಟು 34 ಹಲ್ಲಿನ ಸಡಿಲವನ್ನ ಈ ಡಿರೇಲರ್ ಎಳೆದುಕೊಳ್ಳುತ್ತೆ, ಅದಕ್ಕಿಂತ ಜಾಸ್ತಿ ಆದರೆ ಚೈನು ಜೋತುಬೀಳುತ್ತೆ."

ಅಲ್ಲಿಗೆ ಒಂದೊಂದು ಅಂಕ ಇಬ್ಬರಿಗೂ. ಏಳು ಗೇರಿನದು ಆರರ ಜಾಗದಲ್ಲಿ ಕೂತೀತೇ ಎಂಬ ಸಂಶಯಕ್ಕೆ ಉತ್ತರ ಅವಳ ಸೈಕಲ್ಲಿನ ಗೇರು ಬದಲಿಸುವ ಕಡ್ಡಿಯಲ್ಲಿತ್ತು. ಅದು ಘರ್ಷಣೆಯ ಬಿಗಿಯಲ್ಲೇ ನಿಲ್ಲುವ ಹಳೆಯ ಮಾದರಿ, ಕಟ್ ಕಟ್ ಎಂದು ಮನೆ ಎಣಿಸುವುದಿಲ್ಲ. ಹಲ್ಲುಚಕ್ರಗಳ ನಡುವಿನ ಅಂತರ ಎಷ್ಟಾದರೂ ಇರಲಿ, ಕೈಯಂದಾಜಿನಲ್ಲಿ ಸರಿಸಿದರಾಯಿತು. 1980ರ ದಶಕದ ನಡುವಿನಿಂದ ಬಂದ, ಮನೆ ಎಣಿಸುವ ಗೇರುಗಳಿಗೆ ಈ ಸೌಕರ್ಯವಿಲ್ಲ. ಲಿವರು, ಡಿರೇಲರು, ಫ್ರೀವೀಲು ಮೂರೂ ಒಂದೇ ಲೆಕ್ಕದವು ಆಗಬೇಕು.

ಕತ್ತಲಾಗುತ್ತ ಬಂದಿತ್ತು. ಮಿಸ್ತ್ರಿ ಹಳೆಯ ಚೈನನ್ನು ಡೀಸೆಲ್ಲಿನಲ್ಲಿ ಅದ್ದಿ ಎತ್ತಿದರು. ತಳದಲ್ಲಿ ಕರಿ ಮಣ್ಣು ಇಳಿಯಿತು. ಸುತ್ತಲಿನ ಎರಿ ನೆಲದ ದಾರಿಗಳು ಮಳೆಯಲ್ಲಿ ಮಡ್‌ಗಾರ್ಡಿನೊಳಗೆ ಮೆತ್ತಿಕೊಂಡು ಚಕ್ರವನ್ನೇ ನಿಲ್ಲಿಸುತ್ತವೆ. ಒಣಗಿದ ಮೇಲೆ ಅದೇ ಮಣ್ಣು ಪುಡಿಯಾಗಿ ಎಣ್ಣೆಗೆ ಅಂಟಿ ಪಿನ್ನುಗಳನ್ನು ಉಜ್ಜಿ ತೆಗೆಯುತ್ತದೆ.

"ಎಣ್ಣಿ ಏನ್ ಬಿಡ್ತೀರಿ?"

"ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ಕೊಟ್ಟಿದ್ದರು, ಹಳೇ ಇಂಜಿನ್ ಆಯಿಲ್."

"ಹಾಳಾತು. ಅದರಾಗ ಇಂಜಿನ್ನಿನ ಕಬ್ಬಿಣದ ಪುಡಿ ಇರ್ತೈತಿ. ಹೊಲಿಗಿ ಮಷೀನಿನ ಎಣ್ಣಿ ಬಿಡ್ರಿ, ಒಂದೊಂದ ಕೊಂಡಿಗೆ ಒಂದೊಂದ ಹನಿ. ರಾತ್ರಿ ಬಿಟ್ಟು, ಮುಂಜಾನೆ ಮ್ಯಾಲಿಂದೆಲ್ಲಾ ಅರಬಿಲೆ ಒರಸಿಬಿಡ್ರಿ. ಎಣ್ಣಿ ಒಳಗಿರಬೇಕು, ಹೊರಗ ಇದ್ರ ಮಣ್ಣ ಕರೀತೈತಿ."

ಹಾಲಿನವರ ಸೈಕಲ್ಲಿಗೆ ಚೈನ್ ಕವರು ಇರುತ್ತದೆ, ಅದಕ್ಕೇ ಅದು ಎಷ್ಟೋ ವರ್ಷ ಬಾಳುತ್ತದೆ. ಬಯಲಿಗೆ ಬಿದ್ದ ಗೇರಿನ ಚೈನು ಮೂರರಿಂದ ಐದು ಸಾವಿರ ಕಿಲೋಮೀಟರು ಬಂದರೆ ದೊಡ್ಡದು ಎನ್ನುವುದು ಸವಾರರ ಸಾಮಾನ್ಯ ಅಂದಾಜು. ಮಳೆಗಾಲದಲ್ಲಿ ಅಷ್ಟೂ ಇಲ್ಲ. ಕಿಲೋಮೀಟರು ಎಣಿಸುವುದಕ್ಕಿಂತ ಮಿಸ್ತ್ರಿಯ ಹನ್ನೆರಡು ಇಂಚಿನ ಸ್ಕೇಲೇ ವಾಸಿ.

ದುಡ್ಡು ಕೊಡುವಾಗ ಸಣ್ಣ ಜಗಳವಾಯಿತು. ಫ್ರೀವೀಲು ಮತ್ತು ಚೈನಿನ ದುಡ್ಡು ಎಣಿಸಿಕೊಂಡ ಮಿಸ್ತ್ರಿ, ಗುಡಿಗೆ ಹೋಗುವವರ ಹತ್ತಿರ ಕೂಲಿ ಬೇಡ ಎಂದರು. ಬಿಚ್ಚಿ ಕೂಡಿಸಿದ್ದರಲ್ಲಿ ಅರ್ಧ ತನ್ನದೇ ಕೈ, ಹಾಗಾದರೆ ಅರ್ಧ ಕೂಲಿಯಾದರೂ ತಗೊಳ್ಳಿ ಎಂದಳು ಆಕೆ. ತಗೊಂಡರು. ಸವೆದ ಫ್ರೀವೀಲನ್ನು ಗುಜರಿಗೆ ಹಾಕದೆ ಇಟ್ಟುಕೊಳ್ಳಿರೆಂದು ಹೇಳಿ ಕಾಗದದಲ್ಲಿ ಸುತ್ತಿಕೊಟ್ಟರು. ನಾಲ್ಕು ಹಲ್ಲುಚಕ್ರ ಇನ್ನೂ ಚೆನ್ನಾಗಿವೆ, ಎರಡಕ್ಕೆ ಜೋಡಿ ಸಿಕ್ಕರೆ ಮತ್ತೆ ಕಟ್ಟಬಹುದು.

ಆಕೆ ಸೈಕಲ್ಲು ಹೊರಳಿಸಿದಳು. ಮಿಸ್ತ್ರಿ ಹಿಂದಿನ ಟೈರನ್ನು ಹೆಬ್ಬೆರಳಿನಿಂದ ಒತ್ತಿ, ಮಗ್ಗುಲಿನಲ್ಲಿ ಬರೆದ ಅಂಕಿಯನ್ನು ಬೀದಿದೀಪದ ಬೆಳಕಿಗೆ ಹಿಡಿದು ಓದಿದರು.

"ತಂಗೀ, ಇದು ಇಪ್ಪತ್ತೇಳಿಂದು. ನಂದು ಇಪ್ಪತ್ತೆಂಟು ಒಂದೂವರಿ."

"ಗೊತ್ತು ಕಾಕಾ. ಇದರ ರಿಮ್ಮಿನ ಅಳತೆ 630 ಮಿಲಿಮೀಟರು, ನಿಮ್ಮದರದು 635."

"ಐದ ಮಿಲಿಮೀಟರಿಗೆ ನಾನೂ ನೀವೂ ಕೂಡಿ ಜಗ್ಗಿದ್ರೂ ಏನೂ ಆಗೂದಿಲ್ಲ. ಫ್ರೀವೀಲ್ ಮುರೀಲಿ, ಚೈನ್ ಹರೀಲಿ, ಪೆಡಲ್ ಉದುರ್ಲಿ, ಬರ್ರಿ. ಟೈರ್ ಹರದ್ರ ಮಾತ್ರ ನನ್ನ ಹತ್ರ ಬರಬ್ಯಾಡ್ರಿ. ದಾವಣಗೆರಿ ಬಸ್ಸು ಹಿಡೀರಿ."